ನೆಳ್ಳು ನೆಟ್ಟಗಿಲ್ರಿ ಮೇಡಂ: ಚಿತ್ರಕಲಾ ಶಿಕ್ಷಕರ ತರಬೇತಿ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ನಿರ್ದೇಶಕರು,
ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ,
ಬೆಂಗಳೂರು

ಮಾನ್ಯರೇ,

ನಮಸ್ಕಾರ. ನಾನು ರಾಯಚೂರಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಮಕ್ಕಳ ಬಾಯಲ್ಲಿ ಡ್ರಾಯಿಂಗ್ ಮೇಡಂ. ಒಂದು ವಿಷಯ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಚಿತ್ರಕಲಾ ಶಿಕ್ಷಕರಾಗಲು ಹೊರಟವರಿಗೂ ಈಗಾಗಲೇ ಕೆಲಸದಲ್ಲಿರುವ ನಮ್ಮಂಥವರಿಗೂ ಕೊಡುವ ತರಬೇತಿಯಲ್ಲಿ, ಊರೊಳಗೆ ನಡೆಯುವುದನ್ನೂ ನಡೆದದ್ದನ್ನು ನಕ್ಷೆಯಾಗಿ ಬಿಡಿಸುವುದನ್ನೂ ಸೇರಿಸಿ. ಸರ್ವೆಯವರು ಮಾಡುವಂಥ ನಕ್ಷೆಯ ಮಾತಲ್ಲ ಇದು. ಕಂಡದ್ದು, ಕೇಳಿದ್ದು, ಕಾಲಿಗೆ ಸುಟ್ಟದ್ದು ಎಲ್ಲ ಇರುವ ನಕ್ಷೆ. ನೋಡಿದ ಕೂಡಲೇ ಇದು ಇಂಥವರೇ ಬಿಡಿಸಿದ್ದು ಅಂತ ಗೊತ್ತಾಗುವ ನಕ್ಷೆ.

ಯಾಕೆ ಅನ್ನುವುದಕ್ಕೆ ಮೊದಲು ಒಂದು ಹಾಳೆಯ ಬಗ್ಗೆ ಹೇಳಬೇಕು.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳು. ಶಾಲೆಯಿಂದ ಮನೆಗೆ ಹೋಗುವ ದಾರಿಯನ್ನು ಬಿಡಿಸಿಕೊಂಡು ಬನ್ನಿ ಅಂತ ಎಂಟನೇ ತರಗತಿಯ ಮಕ್ಕಳಿಗೆ ಹೇಳಿದ್ದೆ. ಒಬ್ಬ ಹುಡುಗಿ ತಂದ ಹಾಳೆಯಲ್ಲಿ ದಾರಿ ಹಾವು ಹೋದ ಹಾಗೆ ಸೊಟ್ಟಸೊಟ್ಟ ಇತ್ತು. ಆ ರಸ್ತೆ ನನಗೆ ಚೆನ್ನಾಗಿ ಗೊತ್ತು. ನೂಲು ಹಿಡಿದ ಹಾಗೆ ನೇರ ಇದೆ. ಕೆಂಪು ಪೆನ್ನು ತೆಗೆದವಳು ಸುಮ್ನೆ ಒಂದು ಮಾತು ಕೇಳಿದೆ. "ಯಾಕವ್ವ, ರಸ್ತೆ ನೆಟ್ಟಗ ಐತಲ್ಲ?"

"ರಸ್ತೆ ನೆಟ್ಟಗ ಐತ್ರಿ ಮೇಡಂ. ನೆಳ್ಳು ನೆಟ್ಟಗಿಲ್ರಿ."

ನನಗೆ ತಕ್ಷಣ ತಿಳಿಯಲಿಲ್ಲ. ಅವಳೇ ಬೆರಳಿಟ್ಟು ತೋರಿಸಿದಳು. ಆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅವಳ ಜೊತೆ ಮನೆವರೆಗೂ ನಡೆದೆ. ಗೇಟು ದಾಟಿದ ಕೂಡಲೇ ಎಡಕ್ಕೆ ಬೇವಿನ ಮರ. ಅಲ್ಲಿಂದ ರಸ್ತೆ ದಾಟಿ ಟೈಲರ್ ಅಂಗಡಿಯ ಮುಂದೆ ಕಟ್ಟಿದ ತಾಡಪಾಲಿನ ಕೆಳಗೆ. ಮತ್ತೆ ಈಚೆಗೆ ದಾಟಿ ಒಂದು ಹಳೇ ಮನೆಯ ಎತ್ತರದ ಗೋಡೆಯ ಪಕ್ಕ. ಮಧ್ಯಾಹ್ನದ ಹೊತ್ತಿಗೆ ಆ ಗೋಡೆಯ ನೆರಳು ಒಂದು ಗೇಣು ಅಗಲ ಅಷ್ಟೇ ಇರುತ್ತದೆ. ಅದರಲ್ಲೇ ಗೋಡೆಗೆ ಭುಜ ತಾಗಿಸಿಕೊಂಡು ಅಡ್ಡಡ್ಡ ನಡೆದಳು. ಅದಾದ ಮೇಲೆ ಸುಮಾರು ನಲವತ್ತು ಹೆಜ್ಜೆ ಬರೀ ಬಯಲು. ಅವಳ ನಕ್ಷೆಯಲ್ಲಿ ಆ ಜಾಗದಲ್ಲಿ ಗೆರೆ ಇರಲಿಲ್ಲ, ಚಿಕ್ಕ ಚಿಕ್ಕ ಚುಕ್ಕಿಗಳಿದ್ದವು. ಯಾಕೆ ಅಂತ ಕೇಳುವುದರೊಳಗೆ ಅವಳು ಓಡಿಬಿಟ್ಟಿದ್ದಳು. ಚುಕ್ಕಿ ಅಂದರೆ ಓಡುವುದು. ಹಾಳೆಯ ಬಲಮೂಲೆಯಲ್ಲಿ ಅದನ್ನು ಬರೆದೂ ಇದ್ದಳು: ನೀಲಿ ಬಣ್ಣ ನೆರಳು, ಚುಕ್ಕಿ ಓಟ, ಸುತ್ತು ಹಾಕಿದ್ದು ನೀರು ಸಿಗುವ ಕಡೆ. ನಕ್ಷೆಗೆ ಸೂಚಿ ಇರಬೇಕು ಅಂತ ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಇಷ್ಟು ವರ್ಷ ಈ ಊರಲ್ಲೇ ಪಾಠ ಮಾಡಿದ ನನಗೆ, ನನ್ನ ಮಕ್ಕಳು ನೆರಳಿನ ಲೆಕ್ಕ ಹಾಕಿಕೊಂಡು ಮನೆಗೆ ಹೋಗುತ್ತಾರೆ ಅನ್ನುವುದು ಆ ದಿನ ಗೊತ್ತಾಯಿತು. ನಾನು ಸ್ಕೂಟಿಯಲ್ಲಿ ಹೋಗುವವಳು. ನೆರಳು ಅಂದರೆ ಪೆನ್ಸಿಲ್ ಅಡ್ಡ ಹಿಡಿದು ಹಚ್ಚುವ ಶೇಡಿಂಗ್ ಅಂತಲೇ ಅವರಿಗೆ ಕಲಿಸಿದ್ದೆ.

ನನ್ನ ತರಬೇತಿಯ ದಿನಗಳನ್ನು ನೆನಪು ಮಾಡಿಕೊಂಡರೆ ಇದರ ಕಾರಣ ಕಾಣುತ್ತದೆ. ಮಡಕೆ ಬಿಡಿಸಿದೆವು, ಪ್ಲಾಸ್ಟರ್ ಮೂರ್ತಿ ಬಿಡಿಸಿದೆವು, ಅಕ್ಷರ ಕಲೆ, ವಿನ್ಯಾಸ, ಸ್ಮರಣ ಚಿತ್ರ, ಪರ್ಸ್‌ಪೆಕ್ಟಿವ್ ಎಲ್ಲ ಮಾಡಿದೆವು. ಅದು ಬೇಡ ಅಂತ ನಾನು ಹೇಳುವುದಿಲ್ಲ. ಕೈ ಪಳಗಿದ್ದು ಅಲ್ಲೇ. ಆದರೆ ಕಾಲೇಜಿನ ಗೇಟಿನ ಹೊರಗೆ ಹೋಗಿ, ಆ ಬೀದಿ ನೋಡಿಕೊಂಡು ಬನ್ನಿ ಅಂತ ಒಂದು ದಿನವೂ ಯಾರೂ ಕಳಿಸಲಿಲ್ಲ. ನಿಸರ್ಗ ಚಿತ್ರವನ್ನು ಅಚ್ಚಾದ ಹಾಳೆ ನೋಡಿ ನಕಲು ಮಾಡಿದೆವು. ಎರಡು ಹಸಿರು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ತೆಂಗಿನ ಮರ. ಕೆಲಸಕ್ಕೆ ಸೇರಿದ ಮೇಲೆ ನಾನೂ ಅದನ್ನೇ ಬೋರ್ಡಿನ ಮೇಲೆ ಬಿಡಿಸಿದೆ. ರಾಯಚೂರಿನ ಗುಡ್ಡದ ಮೇಲೆ ಹಸಿರಿಲ್ಲ, ಬಂಡೆ ಇದೆ, ಕೋಟೆ ಇದೆ. ಕೃಷ್ಣೆ, ತುಂಗಭದ್ರೆ ನಡುವಿನ ನಾಡು ಅಂತ ಹಿಂದಿನವರು ಇದನ್ನು ಎಡೆದೊರೆ ಅಂದರು. ಆದರೆ ಊರೊಳಗಿನ ಮಗುವಿಗೆ ದಿನಾ ಕಾಣುವ ನೀರು ಹೊಳೆಯದಲ್ಲ. ಅದಕ್ಕೆ ಕಾಣುವುದು ಮಾವಿನಕೆರೆ, ಖಾಸಬಾವಿ, ಓಣಿಯ ನಲ್ಲಿ.

ಕೋಟೆ ಅಂದಾಗ ಒಂದು ಮಾತು ಹೇಳಲೇಬೇಕು. ನಮ್ಮ ಒಳಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಚಪ್ಪಡಿ ಇದೆ. ಕೋಟೆ ಕಟ್ಟಿಸಿದ್ದನ್ನು ಹೇಳುವ 1294ರ ಶಾಸನ ಇರುವುದು ಅದರ ಮೇಲೆಯೇ. ಶಾಸನದ ಹತ್ತಿರ ಗೆರೆಗಳಲ್ಲಿ ಕೊರೆದ ಒಂದು ಚಿತ್ರವೂ ಇದೆ. ಈ ಕಲ್ಲನ್ನು ಇಲ್ಲಿಗೆ ತಂದದ್ದು ಹೇಗೆ ಅನ್ನುವುದರ ಚಿತ್ರ ಅದು. ಬಂಡಿಯ ಮೇಲೆ ಉದ್ದನೆಯ ಕಲ್ಲು, ಮುಂದೆ ಸಾಲಾಗಿ ಕೋಣಗಳು, ಅವುಗಳನ್ನು ಹುರಿದುಂಬಿಸುವ ಆಳುಗಳು, ಹಿಂದೆ ಗಾಲಿಗೆ ಸನ್ನೆ ಕೊಡುವವರು. ಯಾರೋ ಒಬ್ಬ ಕಲಾವಿದ ಆ ದಾರಿಯನ್ನು, ಆ ದುಡಿಮೆಯನ್ನು ಕಣ್ಣಾರೆ ನೋಡಿ ಅಲ್ಲೇ ಕೊರೆದಿರಬೇಕು. ಏಳುನೂರು ವರ್ಷದಿಂದ ಅದು ನಮ್ಮೂರಿನ ನಡುವೆಯೇ ಇದೆ. ನನ್ನ ತರಗತಿಯ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಅದನ್ನು ನೋಡಿರಲಿಲ್ಲ. ಬೋಧನಾ ಅಭ್ಯಾಸಕ್ಕೆ ಅಂತ ನಮ್ಮ ಶಾಲೆಗೆ ಬಂದಿದ್ದ ಐದು ಜನ ತರಬೇತಿ ವಿದ್ಯಾರ್ಥಿಗಳಲ್ಲಿ ಒಬ್ಬರೂ ನೋಡಿರಲಿಲ್ಲ.

ಆ ಐವರ ಜೊತೆಯೇ ನಾನು ನಡೆಯಲು ಶುರು ಮಾಡಿದ್ದು. ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ. ಮೊದಲ ದಿನದ ನಿಯಮ ಸರಳ. ಒಂದು ತಾಸು ನಡೆಯಬೇಕು, ಫೋನು ಚೀಲದಲ್ಲಿರಬೇಕು, ಏನನ್ನೂ ಬಿಡಿಸಬಾರದು. ವಾಪಸ್ ಬಂದು ಶಾಲೆಯ ಕಟ್ಟೆ ಮೇಲೆ ಕೂತು ನೆನಪಿನಿಂದ ನಕ್ಷೆ ಮಾಡಬೇಕು. ಮರುವಾರ ಆ ನಕ್ಷೆಯನ್ನೇ ಕೈಯಲ್ಲಿ ಹಿಡಿದು ಅದೇ ದಾರಿಯಲ್ಲಿ ಹೋಗಬೇಕು. ಬಿಟ್ಟುಹೋದದ್ದು ಏನು, ಇಲ್ಲದ್ದನ್ನು ಸೇರಿಸಿದ್ದು ಎಲ್ಲಿ, ಚಿಕ್ಕದನ್ನು ದೊಡ್ಡದು ಮಾಡಿದ್ದು ಯಾಕೆ ಅಂತ ಮಾತಾಡಿಕೊಳ್ಳಬೇಕು. ಪಾಠ ಇರುವುದು ಈ ಎರಡನೇ ನಡಿಗೆಯಲ್ಲಿ. ಒಬ್ಬ ಹುಡುಗ ತನ್ನ ನಕ್ಷೆಯಲ್ಲಿ ಅಂಗಡಿಗಳನ್ನೆಲ್ಲ ಬಿಡಿಸಿದ್ದ, ಆದರೆ ರಸ್ತೆ ಬದಿಯಲ್ಲಿ ನೆಲದ ಮೇಲೆ ಕೂತು ಸೊಪ್ಪು ಮಾರುವವರು ಒಬ್ಬರೂ ಅದರಲ್ಲಿರಲಿಲ್ಲ. ಎರಡನೇ ಸಲ ಹೋದಾಗ ಅವನು ಅಲ್ಲಿ ತುಂಬಾ ಹೊತ್ತು ನಿಂತ. ಅವನ ಅಮ್ಮನೂ ಸಿಂಧನೂರಿನಲ್ಲಿ ಸೊಪ್ಪು ಮಾರುತ್ತಾರೆ. ಆಮೇಲೆ ಅವನಾಗಿಯೇ ಹೇಳಿದ್ದು ಇದು.

ಅಳತೆಯ ಪ್ರಶ್ನೆ ಬಂದಾಗ ಸ್ಕೇಲು ಬೇಡ ಅಂದೆ. ಹೆಜ್ಜೆ ಎಣಿಸಿ, ಇಲ್ಲ ಅಂದರೆ ನಮ್ಮ ಹಿರಿಯರ ಅಳತೆ ಬಳಸಿ. ಗೇಣು, ಮೊಳ, ಮಾರು, ಕೂಗಳತೆ ಎಲ್ಲವೂ ಮೈಯಿಂದ, ದನಿಯಿಂದ ಹುಟ್ಟಿದ ಅಳತೆಗಳು ಅಲ್ವಾ? ಒಬ್ಬಳು ಪೇಟೆಯ ತೀನ್ ಕಂದೀಲ್ ವೃತ್ತದ ಹತ್ತಿರ ನಿಂತು ಗೆಳತಿಯನ್ನು ಕೂಗಿದಳು. ಬೆಳಿಗ್ಗೆ ಆರಕ್ಕೆ ಆ ಕೂಗು ಎಷ್ಟು ದೂರ ಹೋಗುತ್ತದೆ, ಸಂಜೆ ಆರಕ್ಕೆ ಎಷ್ಟು ದೂರ ಅಂತ ಎರಡು ಸುತ್ತು ಬಿಡಿಸಿದಳು. ಸಂಜೆಯ ಸುತ್ತು ಬೆಳಗಿನದರ ಕಾಲುಭಾಗವೂ ಇರಲಿಲ್ಲ. ಪೇಟೆಯ ಗದ್ದಲ ಎಷ್ಟು ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವುದು ಹೇಗೆ? ನನಗಂತೂ ಗೊತ್ತಿಲ್ಲ.

ಇದು ನಾನು ಕಂಡುಹಿಡಿದ ದಾರಿಯಲ್ಲ. 1950ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಗೀ ದೆಬೋರ್ ಅನ್ನುವ ಚಿಂತಕ ಮತ್ತು ಅವರ ಗೆಳೆಯರು ಗೊತ್ತುಗುರಿ ಇಟ್ಟುಕೊಳ್ಳದೆ ಬೀದಿ ಸುತ್ತುತ್ತಿದ್ದರು. ಊರು ತಮ್ಮನ್ನು ಎಲ್ಲಿಗೆ ಎಳೆಯುತ್ತದೆ, ಎಲ್ಲಿಂದ ದೂಡುತ್ತದೆ ಅಂತ ಗಮನಿಸುತ್ತಿದ್ದರು. 1957ರಲ್ಲಿ ಅವರು ಪ್ಯಾರಿಸ್‌ನ ನಕ್ಷೆಯನ್ನು ತುಂಡು ತುಂಡು ಮಾಡಿ, ಆ ತುಂಡುಗಳನ್ನು ಕೆಂಪು ಬಾಣಗಳಿಂದ ಜೋಡಿಸಿದರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೀಟಾ ಅರ್ವಿನ್ ಮತ್ತು ಅವರ ಜೊತೆಗಾರರು ಕಲಾವಿದ, ಸಂಶೋಧಕ, ಶಿಕ್ಷಕ ಈ ಮೂವರೂ ಒಬ್ಬರೊಳಗೇ ಇರಬೇಕು ಅಂತ ಹೇಳುತ್ತಾ, ನಡಿಗೆಯನ್ನೂ ಕಲಾ ಶಿಕ್ಷಣದೊಳಕ್ಕೆ ತಂದಿದ್ದಾರೆ.

ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್. ಅವರು ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲಿಸ್ ಊರುಗಳ ಜನರಿಗೆ ನಿಮ್ಮ ಊರನ್ನು ನೆನಪಿನಿಂದ ಬಿಡಿಸಿ ಅಂತ ಹೇಳಿದರು. ಜನ ಊರನ್ನು ಐದು ಬಗೆಯಲ್ಲಿ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ ಅಂತ 1960ರಲ್ಲಿ ಬರೆದರು. ದಾರಿ, ಅಂಚು, ಪೇಟೆ, ಕೂಡುವ ಜಾಗ, ಗುರುತು. ಇವನ್ನು ರಾಯಚೂರಿಗೆ ಹಚ್ಚಿ ನೋಡಿದೆವು. ಗುರುತು ಅಂದಾಗ ನಾಲ್ವರು ಏಕ್ ಮಿನಾರ್ ಮಸೀದಿ ಅಂದರು. ಬಹಮನಿ ಕಾಲದ, ಸುಮಾರು 65 ಅಡಿಯ ಒಂಟಿ ಮಿನಾರು ಅದು. ಕೂಡುವ ಜಾಗ ಅಂದರೆ ತೀನ್ ಕಂದೀಲ್, ಗಂಜ್. ಅಂಚಿನ ವಿಷಯಕ್ಕೆ ಜಗಳವೇ ಆಯಿತು. ಕೋಟೆಯ ಕಂದಕ ಅಂಚು ಅಂತ ಒಬ್ಬ, ರೈಲು ಹಳಿ ಅಂತ ಇನ್ನೊಬ್ಬಳು. ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ದೇಶಕ್ಕೆ ಅದು ಎರಡು ಕಡೆಯನ್ನು ಕೂಡಿಸಿದ ಹಳಿ. ಗೇಟು ಬಿದ್ದಾಗ ಆಚೆ ನಿಲ್ಲುವ ಮಗುವಿಗೆ ಅದು ಗೋಡೆ. ಇವೆರಡನ್ನೂ ಒಂದೇ ಹಾಳೆಯಲ್ಲಿ ತೋರಿಸುವುದು ಹೇಗೆ ಅಂತ ಆ ಹುಡುಗಿ ಮೂರು ಹಾಳೆ ಹರಿದು ನಾಲ್ಕನೆಯದರಲ್ಲಿ ದಾರಿ ಕಂಡುಕೊಂಡಳು. ಹಳಿ ಇರುವ ಕಡೆ ಹಾಳೆಯನ್ನೇ ಮಡಚಿದಳು. ಮಡಿಕೆ ಬಿಚ್ಚಿದರೆ ಊರು ಒಂದು, ಮಡಚಿದರೆ ಎರಡು.

ಪೇಟೆ ಅನ್ನುವಲ್ಲಿ ಲಿಂಚ್ ಹೇಳದ ಒಂದು ಸಂಗತಿ ನಮಗೆ ಸಿಕ್ಕಿತು. ನಮ್ಮ ಓಣಿಗಳ ಹೆಸರು ನೋಡಿ. ಕೋಟೆಯ ಒಳಗಿನದು ಅಂದ್ರೂನ್ ಕಿಲ್ಲಾ, ಹೊರಗಿನದು ಬೆರೂನ್ ಕಿಲ್ಲಾ. ವಾರದ ಹೆಸರು ಹೊತ್ತದ್ದು ಮಂಗಳವಾರಪೇಟೆ. ಇನ್ನೊಂದು ಬ್ರೆಸ್ತವಾರಪೇಟೆ. ಗುರುವಾರವನ್ನು ಬೇಸ್ತವಾರ ಅನ್ನುವ ಮಂದಿಗೆ ಈ ಹೆಸರು ಬಿಡಿಸಿ ಹೇಳಬೇಕಾಗಿಲ್ಲ. ಬಸವನಬಾವಿ, ಸಿಯಾತಲಾಬ್. ಕನ್ನಡ, ಉರ್ದು, ತೆಲುಗು ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ನಿಂತಿವೆ. ಲಿಂಗಸುಗೂರಿನಿಂದ ಬಂದಿದ್ದ ಒಬ್ಬ ತರಬೇತಿ ವಿದ್ಯಾರ್ಥಿ ಉಸ್ಮಾನಿಯಾ ಮಾರ್ಕೆಟ್ಟಿನ ನಕ್ಷೆಯನ್ನು ಬರೀ ಭಾಷೆಗಳಿಂದ ಮಾಡಿದ. ಕನ್ನಡಕ್ಕೆ ಅರಿಶಿನ, ಉರ್ದುವಿಗೆ ಹಸಿರು, ತೆಲುಗಿಗೆ ಇಟ್ಟಿಗೆ ಬಣ್ಣ. ಮೊದಲು ಒಂದೊಂದು ಅಂಗಡಿಗೆ ಒಂದೊಂದು ಬಣ್ಣ ಹಚ್ಚಿದ್ದ. ಎರಡನೇ ಸಲ ಹೋಗಿ ಕಿವಿಗೊಟ್ಟ. ಒಬ್ಬ ಈರುಳ್ಳಿ ವ್ಯಾಪಾರಿ ಗಿರಾಕಿ ಜೊತೆ ತೆಲುಗಿನಲ್ಲಿ ಚೌಕಾಸಿ, ಪಕ್ಕದವನ ಜೊತೆ ಉರ್ದುವಿನಲ್ಲಿ ಲೆಕ್ಕ, ಹಮಾಲರ ಜೊತೆ ಕನ್ನಡ. ಎಲ್ಲ ಒಂದೇ ಉಸಿರಿನಲ್ಲಿ. ಆ ಹುಡುಗ ಮನೆಗೆ ಹೋಗಿ ಇಡೀ ಹಾಳೆಯನ್ನು ನೀರಿನಲ್ಲಿ ಒದ್ದೆ ಮಾಡಿ, ಮೂರೂ ಬಣ್ಣ ಒಂದರೊಳಗೊಂದು ಹರಿಯುವ ಹಾಗೆ ಬಿಟ್ಟ. ವಾಷ್ ಅನ್ನುವ ತಂತ್ರವನ್ನು ಅವನು ಎರಡು ವರ್ಷದಿಂದ ಕಲಿತಿದ್ದ. ಯಾಕೆ ಬೇಕು ಅಂತ ಅವತ್ತು ಗೊತ್ತಾಯಿತು ಅಂದ.

ಊರು ನಡೆಯುವುದು ಚಿತ್ರಕಲೆಗೆ ಹೊರಗಿನ ಕೆಲಸ, ಸಮಾಜ ವಿಜ್ಞಾನದವರು ನೋಡಿಕೊಳ್ಳಲಿ ಅನ್ನುವವರಿಗೆ ನಾನು ಈ ಹುಡುಗನ ಹಾಳೆಯನ್ನು ತೋರಿಸುತ್ತೇನೆ. ಬಣ್ಣ, ಗೆರೆ, ಮಡಿಕೆ, ಅಳತೆ ಎಲ್ಲವೂ ಚಿತ್ರಕಲೆಯದ್ದೇ. ಬಿಡಿಸುವವರಿಗೆ ಹೇಳಲು ಒಂದು ಮಾತು ಇರಬೇಕಷ್ಟೇ. ಆ ಮಾತು ಹೊರಗೆ ಬೀದಿಯಲ್ಲಿದೆ.

ಹೊರದೇಶದ್ದನ್ನು ತಂದು ಇಲ್ಲಿ ಹೇರುತ್ತಿದ್ದಾರೆ ಅಂತಲೂ ಯಾರೂ ತಿಳಿಯಬಾರದು. 1980ರ ದಶಕದ ಕೊನೆಗೆ, 1990ರ ದಶಕದ ಶುರುವಿಗೆ ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ಮೈರಾಡ ಅನ್ನುವ ಗ್ರಾಮೀಣಾಭಿವೃದ್ಧಿ ಸಂಸ್ಥೆಯವರು ಜನರ ಕೈಯಿಂದ ನೆಲದ ಮೇಲೆ ಊರಿನ ನಕ್ಷೆ ಮಾಡಿಸಿದರು. ರಂಗೋಲಿ ಪುಡಿ, ಕಲ್ಲು, ಕಾಳು, ಎಲೆ ಇವೇ ಅದಕ್ಕೆ ಸಾಮಾನು. ಅಕ್ಷರ ಬಾರದ ಹೆಂಗಸರು ಬಾವಿ ಎಲ್ಲಿದೆ, ಯಾರ ಹೊಲ ಯಾವುದು, ಯಾವ ಮನೆಯಲ್ಲಿ ಕಷ್ಟ ಜಾಸ್ತಿ ಅಂತ ಅದರಲ್ಲಿ ತೋರಿಸಿದರು. ದೇಶದೇಶಗಳ ಅಭಿವೃದ್ಧಿ ಕೆಲಸದವರು ಅದನ್ನು ನೋಡಿ ಕಲಿತರು. ದಿನಾ ಅಂಗಳದಲ್ಲಿ ಚುಕ್ಕಿ ಇಟ್ಟು ಎಳೆ ಎಳೆಯುವ ಕೈಗಳಿಗೆ ಅದೇನು ಹೊಸದೇ?

ಇನ್ನು ತೊಂದರೆಯ ಮಾತು. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ ಅಂತ ಮೂರು ಸಲ ಅರ್ಜಿ ಕೊಟ್ಟೆ. ಮೂರು ಸಲವೂ ಒಂದೇ ಉತ್ತರ: ಏನಾದರೂ ಆದರೆ ಯಾರು ಜವಾಬ್ದಾರಿ? ಅವರ ಭಯ ಸುಳ್ಳಲ್ಲ. ಲಾರಿ ಓಡಾಡುವ ರಸ್ತೆ, ಫುಟ್‌ಪಾತ್ ಇಲ್ಲದ ಬಜಾರು. ಆದರೆ ಅದೇ ರಸ್ತೆಯಲ್ಲೇ ತಾನೇ ಮಕ್ಕಳು ದಿನಾ ಒಬ್ಬೊಬ್ಬರೇ ಬಂದು ಹೋಗುವುದು? ನಮ್ಮ ಜೊತೆ ನಡೆದವರಲ್ಲಿ ಒಬ್ಬಳಿಗೆ ಒಂದು ಕಾಲು ಸ್ವಾಧೀನ ಇಲ್ಲ. ಅವಳು ಮೆಟ್ಟಿಲು, ಚರಂಡಿ, ಮುರಿದ ಚಪ್ಪಡಿ ಇವನ್ನು ಮಾತ್ರ ಬಿಡಿಸಿದಳು, ಊರುಗೋಲಿನಿಂದ ಎತ್ತರ ಅಳೆದು. ಆ ಹಾಳೆ ನೋಡಿದ ಮೇಲೆ ನಾವೆಲ್ಲ ಅವಳ ನಡಿಗೆಗೆ ನಮ್ಮ ನಡಿಗೆ ಹೊಂದಿಸಿಕೊಂಡೆವು.

ಈಗ ನನ್ನ ಬೇಡಿಕೆ.

ಸೇವೆಯಲ್ಲಿರುವ ಚಿತ್ರಕಲಾ ಶಿಕ್ಷಕರಿಗೆ ತರಬೇತಿ ಕೊಡುವಾಗ ಎರಡು ಪೂರ್ತಿ ದಿನ ಹೊರಗೆ ಇಡಿ. ಒಂದು ದಿನ ಸಾಲದು. ಮರಳಿ ಹೋಗಿ ನೋಡುವುದೇ ಮುಖ್ಯ ಅಂತ ಆಗಲೇ ಹೇಳಿದೆ. ಹಾಲ್‌ನಲ್ಲಿ ಕೂರಿಸಿ ನಡಿಗೆಯ ಬಗ್ಗೆ ಸ್ಲೈಡ್ ತೋರಿಸುವುದಾದರೆ ದಯವಿಟ್ಟು ಬೇಡ. ಡಯಟ್‌ಗಳಲ್ಲಿ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ, ಪ್ರಾಥಮಿಕ ಶಾಲಾ ಶಿಕ್ಷಕರಾಗಲು ಡಿ.ಎಲ್.ಇಡಿ. ಓದುವವರಿಗೂ ಕಲಾ ಶಿಕ್ಷಣ ಇದೆ. ಎಷ್ಟೋ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆಯೇ ಇಲ್ಲ, ಇದ್ದರೂ ಖಾಲಿ. (ಅದಕ್ಕೆ ಇನ್ನೊಂದು ಪತ್ರವೇ ಬರೆಯಬೇಕು.) ಅಲ್ಲೆಲ್ಲ ಮಕ್ಕಳ ಕೈಗೆ ಬಣ್ಣ ಕೊಡುವವರು ಈ ಡಿ.ಎಲ್.ಇಡಿ. ಮುಗಿಸಿದವರೇ. ಅವರು ಬೋಧನಾ ಅಭ್ಯಾಸಕ್ಕೆ ಒಂದು ಶಾಲೆಗೆ ಹೋದಾಗ, ಮೊದಲ ವಾರ ಪಾಠ ಯೋಜನೆ ಬರೆಯುವುದಕ್ಕೂ ಮುಂಚೆ ಆ ಶಾಲೆಯ ಸುತ್ತ ನಡೆದು ಒಂದು ನಕ್ಷೆ ಮಾಡಲಿ. ಸಾಧ್ಯವಾದರೆ ಒಂದು ಮಗುವಿನ ಜೊತೆ ಅದರ ಮನೆವರೆಗೆ ನಡೆಯಲಿ, ಮನೆಯವರಿಗೆ ಹೇಳಿ, ಒಪ್ಪಿಗೆ ಪಡೆದು. ಆ ನಕ್ಷೆಯೂ ಅವರ ಕಡತದಲ್ಲಿ ಸೇರಲಿ.

ದೃಶ್ಯಕಲಾ ಕಾಲೇಜುಗಳ ಪಠ್ಯ ವಿಶ್ವವಿದ್ಯಾಲಯಗಳ ಕೈಯಲ್ಲಿದೆ, ನಿಮ್ಮ ಕೈಯಲ್ಲಿಲ್ಲ. ಅಲ್ಲಿಯ ಗುರುಗಳೂ ಓದಲಿ ಅಂತಲೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮಕ್ಕಳನ್ನು ಹೊರಗೆ ಕರೆದೊಯ್ಯಲು ಒಂದು ಸ್ಪಷ್ಟ ಸುತ್ತೋಲೆ ಕೊಡಿ. ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು, ಪೋಷಕರ ಒಪ್ಪಿಗೆ ಹೇಗೆ, ಯಾವ ಹೊತ್ತಿನಲ್ಲಿ ಹೋಗಬಹುದು ಅಂತ ಅದರಲ್ಲಿ ಬರೆದಿರಲಿ. ಆಗ ಮುಖ್ಯೋಪಾಧ್ಯಾಯರಿಗೂ ಧೈರ್ಯ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿವರೆಗೆ 10 ಬ್ಯಾಗ್ ರಹಿತ ದಿನಗಳ ಮಾತು ಆಡಿದೆ. ನಮ್ಮಲ್ಲಿ ಬ್ಯಾಗ್ ಇಲ್ಲದೆ ಬರುವ ಸಂಭ್ರಮ ಶನಿವಾರವೂ ಇದೆ. ಸಮಯ ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ.

ಒಂದು ಕಳಕಳಿಯ ಮನವಿಯೂ ಇದೆ. ಇದನ್ನು ಸ್ಪರ್ಧೆ ಮಾಡಬೇಡಿ. ಅತ್ಯುತ್ತಮ ನಕ್ಷೆ ಅಂತ ಬಹುಮಾನ ಇಟ್ಟ ಮರುವರ್ಷವೇ ಎಲ್ಲ ಶಾಲೆಗಳಿಂದಲೂ ಒಂದೇ ಥರದ ನಕ್ಷೆ ಬರುತ್ತದೆ. ಆ ಎರಡು ಗುಡ್ಡ ನಡುವಿನ ಸೂರ್ಯನ ಹಾಗೆ. ಮಾದರಿ ನಕ್ಷೆ ಅಂತ ಅಚ್ಚು ಹಾಕಿಸಿ ಕಳಿಸುವುದೂ ಬೇಡ. ರಾಯಚೂರಿನ ಮಗು ನೆರಳಿನ ನಕ್ಷೆ ಮಾಡಿತು. ಹಟ್ಟಿಯಲ್ಲಿ ಚಿನ್ನದ ಗಣಿಯ ಪಾಳಿ ಬದಲಾಗುವ ಹೊತ್ತಿನ ಸದ್ದಿನ ನಕ್ಷೆ ಆಗಬಹುದು. ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಬೂದಿ ಎಲ್ಲೆಲ್ಲಿ ಕೂರುತ್ತದೆ ಅಂತ ಮಗು ಬಟ್ಟೆ ಒಣಹಾಕುವ ಅಜ್ಜಿಯನ್ನು ಕೇಳಿ ಗುರುತು ಹಾಕಬಹುದು. ಯಾವ ಊರಲ್ಲಿ ಯಾವುದು ಅಂತ ಅಲ್ಲಿಯ ಶಿಕ್ಷಕರೇ ನಡೆದು ಕಂಡುಕೊಳ್ಳಲಿ.

ಖರ್ಚಿನ ಲೆಕ್ಕ ಬೇಕಾದರೆ ನಾನೇ ಕೊಡುತ್ತೇನೆ. ನಾವು ಆರು ಜನ ಹನ್ನೊಂದು ಸಲ ನಡೆದೆವು. ಡ್ರಾಯಿಂಗ್ ಹಾಳೆ, ಪೆನ್ಸಿಲ್, ಸ್ವಲ್ಪ ಬಣ್ಣ, ನೀರಿನ ಬಾಟಲಿ, ಪ್ರತಿ ಸಲ ಆರು ಚಹಾ, ಎರಡು ಪ್ಲೇಟ್ ಮಿರ್ಚಿ. ಅಷ್ಟೇ.

ನಿಮ್ಮ ಇಲಾಖೆಯ ಯಾರಾದರೂ ಒಬ್ಬರು ರಾಯಚೂರಿಗೆ ಬರುವುದಾದರೆ, ಭಾನುವಾರ ಬೆಳಿಗ್ಗೆ ಆರೂವರೆಗೆ ತೀನ್ ಕಂದೀಲ್ ಹತ್ತಿರ ನಾವು ಸಿಗುತ್ತೇವೆ. ಕೋಟೆಯ ಆ ಕಲ್ಲಿನವರೆಗೂ ನಡೆಯೋಣ.

ಪತ್ರದ ಜೊತೆ ಆ ಹುಡುಗಿಯ ನೆರಳಿನ ನಕ್ಷೆಯ ಜೆರಾಕ್ಸ್ ಪ್ರತಿ ಇಟ್ಟಿದ್ದೇನೆ. ಕಳಿಸಲಾ ಅಂತ ಅವಳನ್ನು ಕೇಳಿಯೇ ಇಟ್ಟಿದ್ದು. ಜೆರಾಕ್ಸ್‌ನಲ್ಲಿ ನೀಲಿ ಬಣ್ಣ ಬೂದಿಯಾಗಿ ಕಾಣುತ್ತದೆ, ಅದನ್ನು ನೆರಳು ಅಂತ ಓದಿಕೊಳ್ಳಿ. ಅವಳೀಗ ಹತ್ತನೇ ತರಗತಿ. ಆ ಬೇವಿನ ಮರವನ್ನು ಹೋದ ವರ್ಷ ಕಡಿದರು. ಅವಳು ಮೂಲ ಹಾಳೆಯನ್ನು ನನ್ನಿಂದ ವಾಪಸ್ ಇಸಿದುಕೊಂಡು, ಮರದ ಜಾಗದಲ್ಲಿ ನೀಲಿಯನ್ನು ರಬ್ಬರಿನಿಂದ ಉಜ್ಜಿ ಅಲ್ಲಿಯೂ ಚುಕ್ಕಿ ಇಟ್ಟಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಿತ್ರಕಲಾ ಶಿಕ್ಷಕಿ
ರಾಯಚೂರು